ಮಕ್ಕಳಿಗೊಂದು ಸಂಗ್ರಹದ ಹವ್ಯಾಸ: ಹಂಚಿನ ಮುದ್ರೆಯಿಂದ ಅಂಚೆಚೀಟಿಯವರೆಗೆ, ಕರಾವಳಿಯ ಮಳೆಗಾಲ ದಾಟಿಸುವ ಸಮಗ್ರ ಮಾರ್ಗದರ್ಶಿ

ಮಕ್ಕಳಲ್ಲಿ ಸಂಗ್ರಹದ ಆಸೆಯನ್ನು ಹುಟ್ಟಿಸಬೇಕಾಗಿಲ್ಲ, ಅದು ಇದ್ದೇ ಇರುತ್ತದೆ. ಎಂಟು ವರ್ಷದ ಮಗುವಿನ ಕಂಪಾಸ್ ಪೆಟ್ಟಿಗೆ ಬಿಡಿಸಿ ನೋಡಿ: ಸಿಟಿ ಬಸ್ಸಿನ ಟಿಕೆಟು, ನಾಲ್ಕು ಮಂಜೊಟ್ಟಿ (ಕೆಂಪು ಬೀಜ), ಒಂದು ಬಳೆಚೂರು, ಯಾವುದೋ ಪೆನ್ನಿನ ಮುಚ್ಚಳ. ಕಷ್ಟ ಇರುವುದು ಅದನ್ನು ಎರಡನೇ ವರ್ಷಕ್ಕೆ ದಾಟಿಸುವುದರಲ್ಲಿ. ಮಂಗಳೂರು, ಉಡುಪಿಯ ಮನೆಗಳಲ್ಲಿ ಈ ಹವ್ಯಾಸ ನಿಂತುಹೋಗುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು ಆಟಿ ತಿಂಗಳ (ಜುಲೈ-ಆಗಸ್ಟಿನ ಮಳೆಗಾಲದ) ಶೀತ: ಜೂನ್‌ನಲ್ಲಿ ಮುಚ್ಚಿಟ್ಟ ಆಲ್ಬಮ್ಮನ್ನು ಚೌತಿಗೆ ತೆರೆದರೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಬೂಸಲು ವಾಸನೆ ಹೊಡೆಯುತ್ತಿರುತ್ತದೆ. ಇನ್ನೊಂದು, ಮನೆಯ ದೊಡ್ಡವರ ಕೈ. ಮೊದಲನೆಯದಕ್ಕೆ ಮದ್ದು ಸುಲಭ. ಎರಡನೆಯದಕ್ಕೆ ದೊಡ್ಡವರೇ ಮನಸ್ಸು ಮಾಡಬೇಕು.

ಈ ಬರಹ ಮಕ್ಕಳಿಗಲ್ಲ. ಅಪ್ಪ, ಅಮ್ಮ, ಅಜ್ಜ, ದೊಡ್ಡಮ್ಮ, ಶಾಲೆಯ ಟೀಚರ್, ಹೀಗೆ ಮಗುವಿನ ಪಕ್ಕದಲ್ಲಿ ಕೂರುವವರಿಗೆ.

ಯಾವುದರಿಂದ ಶುರು ಮಾಡುವುದು

ಮೊದಲ ಸಂಗ್ರಹಕ್ಕೆ ನಾಲ್ಕು ಗುಣ ಬೇಕು. ಮನೆಯಿಂದ ಕೂಗಳತೆಯಲ್ಲಿ ಸಿಗಬೇಕು. ದುಡ್ಡು ಬೇಡುವಂತಿರಬಾರದು. ಓದಲು ಅದರ ಮೇಲೆ ಏನಾದರೂ ಇರಬೇಕು, ಅಕ್ಷರವೋ, ಇಸವಿಯೋ, ಚಿಹ್ನೆಯೋ. ಮತ್ತು ಮೂರು ತಿಂಗಳೊಳಗೆ ‘ಇಷ್ಟು ಮುಗಿಯಿತು’ ಎನ್ನುವಂತಿರಬೇಕು. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ‘ಪ್ರಪಂಚದ ಅಂಚೆಚೀಟಿ’ ಎಂದು ಆರಂಭಿಸಿದ ಮಗುವಿಗೆ ಯಾವತ್ತೂ ಮುಗಿಸಿದ ಸುಖ ಸಿಗುವುದಿಲ್ಲ. ‘ನಮ್ಮ ಊರಿನ ಹತ್ತು ಮನೆಯ ಹಂಚಿನ ಮುದ್ರೆ’ ಎಂದರೆ ಕ್ರಿಸ್ಮಸ್ ರಜೆಯಲ್ಲಿ ಮುಗಿಯುತ್ತದೆ.

ಏಳರಿಂದ ಒಂಬತ್ತು ವರ್ಷದವರಿಗೆ ಹಂಚಿನ ಮುದ್ರೆ ಅಥವಾ ಚಿಲ್ಲರೆ ನಾಣ್ಯ ಸರಿ. ಅಂಚೆಚೀಟಿಗೆ ಬೆರಳ ಹಿಡಿತ ಬೇಕು, ತಾಳ್ಮೆಯೂ ಬೇಕು. ಹತ್ತು ವರ್ಷ ತುಂಬಲಿ.

ಚಿಪ್ಪಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇವೆ, ಏಕೆಂದರೆ ಮಲ್ಪೆಗೋ ಪಣಂಬೂರಿಗೋ ಹೋದ ಮಕ್ಕಳೆಲ್ಲ ಅದರಿಂದಲೇ ಶುರು ಮಾಡುವುದು. ದಡಕ್ಕೆ ಬಿದ್ದ ಖಾಲಿ ಮಳಿ ಚಿಪ್ಪು, ಮರುವಾಯಿ ಚಿಪ್ಪು ಹೆಕ್ಕಲು ಅಡ್ಡಿಯಿಲ್ಲ. ಒಳಗೆ ಜೀವ ಇದ್ದರೆ ಅಲ್ಲೇ ಬಿಡಿ. ಹವಳ, ಕಡಲಕುದುರೆ ಮತ್ತು ಕೆಲವು ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಸತ್ತದ್ದಾದರೂ ಮನೆಗೆ ತರುವಂತಿಲ್ಲ. ಸೇಂಟ್ ಮೇರಿಸ್ ದ್ವೀಪದಿಂದ ಕಲ್ಲಿನ ಚೂರನ್ನೂ ತರಬಾರದು. ತಂದ ಚಿಪ್ಪನ್ನು ಮೂರು ದಿನ ದಿನಕ್ಕೊಮ್ಮೆ ಬದಲಿಸಿದ ಸಿಹಿನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ನೆರಳಲ್ಲಿ ಒಣಗಿಸಿ. ಮರದ ಪೆಟ್ಟಿಗೆ ಬೇಡ. ಮರದಿಂದ ಹೊರಡುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತದೆ, ಮತ್ತೆ ಹೊಳಪು ಬರುವುದಿಲ್ಲ.

ಹಂಚಿನ ಮುದ್ರೆ: ಪುಕ್ಕಟೆಯ ಮೊದಲ ಪಾಠ

ಕರಾವಳಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ನೇತ್ರಾವತಿ, ಫಲ್ಗುಣಿಯ ದಂಡೆಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ನದಿಯ ಜೇಡಿಮಣ್ಣು, ಸಾಗಿಸಲು ದೋಣಿ, ಹಡಗಿಗೆ ಬಂದರು, ಮೂರೂ ಒಂದೇ ಕಡೆ ಇದ್ದದ್ದು ಕಾರಣ. ಪ್ರತಿ ಕಾರ್ಖಾನೆಯೂ ಹಂಚಿನ ಮೇಲೆ ತನ್ನ ಹೆಸರನ್ನೋ ಗುರುತಿನ ಚಿತ್ರವನ್ನೋ ಒತ್ತುತ್ತಿತ್ತು. ಮುಚ್ಚಿಗೆ ಇಲ್ಲದ ಹಟ್ಟಿಯಲ್ಲಿ (ದನದ ಕೊಟ್ಟಿಗೆಯಲ್ಲಿ), ಅಡುಗೆಮನೆಯಲ್ಲಿ ತಲೆ ಎತ್ತಿದರೆ ಆ ಅಕ್ಷರಗಳು ಕಾಣುತ್ತವೆ.

ಮುದ್ರೆಯನ್ನು ಹಾಳೆಯ ಮೇಲೆ ಎತ್ತಿಕೊಳ್ಳಲು ಮಾಡಿನ (ಛಾವಣಿಯ) ಮೇಲೆ ಹತ್ತುವ ಕೆಲಸವಿಲ್ಲ. ಹಟ್ಟಿಯ ಹಿಂದೆ, ಬಾವಿಕಟ್ಟೆಯ ಪಕ್ಕ, ತೆಂಗಿನ ಬುಡದಲ್ಲಿ ಜೋಡಿಸಿಟ್ಟ ಹಳೆ ಹಂಚು ಸಾಕು. ರಾಶಿಯಿಂದ ಹಂಚು ಎತ್ತುವುದು ದೊಡ್ಡವರ ಕೆಲಸ; ಚೇಳು, ಮರಿಹಾವು ಅದರಡಿಯಲ್ಲೇ ಇರುವುದು.

ಬೇಕಾದ್ದು: ತೆಳು ಬಿಳಿ ಎ4 ಹಾಳೆ (ಜೆರಾಕ್ಸ್ ಹಾಳೆ ನಡೆಯುತ್ತದೆ, ಬಟರ್ ಪೇಪರ್ ಇನ್ನೂ ಚೆಂದ), ಹಳೆಯ ಹಲ್ಲುಜ್ಜುವ ಬ್ರಷ್, ಪೇಂಟರುಗಳು ಬಳಸುವ ಪೇಪರ್ ಟೇಪು, ಕಪ್ಪು ಮೇಣದ ಬಳಪ.

ಹಂಚನ್ನು ಒಣ ಬ್ರಷ್ಷಿನಿಂದ ಉಜ್ಜಿ ಪಾಚಿ, ಮಣ್ಣು ತೆಗೆಯಿರಿ. ತೊಳೆದರೆ ಎರಡು ದಿನ ಬಿಸಿಲಿಗಿಡಿ. ಸುಟ್ಟಮಣ್ಣು ನೀರು ಕುಡಿದಿರುತ್ತದೆ, ಮೇಲೆ ಒಣಗಿದಂತೆ ಕಂಡರೂ ಹಾಳೆ ಇಟ್ಟ ಐದು ನಿಮಿಷಕ್ಕೆ ಒದ್ದೆಯಾಗಿ ಹರಿಯುತ್ತದೆ. ಹಾಳೆಯನ್ನು ಮುದ್ರೆಯ ಮೇಲೆ ಹಾಸಿ ನಾಲ್ಕೂ ಮೂಲೆಗೆ ಟೇಪು ಹಾಕಿ. ಬಳಪದ ಕಾಗದ ಸುಲಿದು, ಅದನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಬೇಕು. ಮೊದಲ ಸುತ್ತಿಗೆ ಅಕ್ಷರ ಮಸುಕಾಗಿಯೇ ಕಾಣಲಿ. ಎರಡನೇ ಸುತ್ತಿನಲ್ಲಿ ಅಕ್ಷರ ಇರುವ ಕಡೆ ಮಾತ್ರ ತುಸು ಒತ್ತಿ.

ಕೆಡುವುದು ಮೂರು ರೀತಿಯಲ್ಲಿ. ಅಕ್ಷರಕ್ಕೆ ಜೋಡಿ ನೆರಳು ಬಂದಿದ್ದರೆ ಹಾಳೆ ಅಲುಗಿದೆ, ಟೇಪು ಸಡಿಲ. ಇಡೀ ಹಾಳೆ ಕಪ್ಪು ಚುಕ್ಕೆಯಾಗಿ ಅಕ್ಷರ ಮುಳುಗಿದ್ದರೆ ಒತ್ತಿದ್ದು ಹೆಚ್ಚಾಯಿತು, ಹಂಚಿನ ಹರಳೇ ಮೂಡಿದೆ. ಎರಡು ವಾರದಲ್ಲಿ ಮಸಿ ಹರಡಿ ಪಕ್ಕದ ಹಾಳೆಗೂ ಹತ್ತಿದ್ದರೆ ಮೇಣದ ಬಳಪದ ಬದಲು ಪೆನ್ಸಿಲ್ ಬಳಸಿದ್ದೀರಿ.

ಹಾಳೆಯ ಹಿಂದೆ ಮಗು ತನ್ನ ಕೈಯಲ್ಲೇ ಬರೆಯಬೇಕು: ತಾರೀಕು, ಊರು, ಯಾರ ಮನೆ, ಮನೆಯ ಯಾವ ಭಾಗದ ಹಂಚು, ಕಂಡ ಅಕ್ಷರಗಳು ಕಂಡ ಹಾಗೆಯೇ, ಮುದ್ರೆಯ ಉದ್ದಗಲ ಸೆಂಟಿಮೀಟರಿನಲ್ಲಿ. ಅಕ್ಷರ ಅರ್ಧ ಒಡೆದಿದ್ದರೆ ಊಹಿಸಿ ತುಂಬಬಾರದು, ಆ ಜಾಗದಲ್ಲಿ ಗೆರೆ ಎಳೆಯಲಿ. ಈ ಆರು ಸಾಲು ಇಲ್ಲದ ಹಾಳೆ ಬರೀ ಚಿತ್ರ.

ಒಂದು ದೊಡ್ಡ ಮೋಸ ಇದೆ. ಹಂಚಿನ ಮೇಲೆ ‘1865’ ಎಂದಿದ್ದರೆ ಹಂಚು 1865ರದ್ದು ಎಂದು ದೊಡ್ಡವರೂ ನಂಬುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಸರಿನ ಭಾಗವಾಗಿ ಅಚ್ಚಿನಲ್ಲೇ ಇದ್ದದ್ದು. ಎಷ್ಟೋ ವರ್ಷದ ಮೇಲೆ ಸುಟ್ಟ ಹಂಚಿನಲ್ಲೂ ಇದೆ. ಹಂಚಿನ ವಯಸ್ಸಿಗೆ ಮನೆಯ ವಯಸ್ಸು ಕೇಳಬೇಕು, ಮಾಡು ಯಾವಾಗ ಬಿಚ್ಚಿ ಹೊದಿಸಿದ್ದು ಎಂದೂ ಕೇಳಬೇಕು. ಈ ಪ್ರಶ್ನೆ ಹಿಡಿದುಕೊಂಡು ಮಗು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ ಕೂತರೆ ಅರ್ಧ ಕೆಲಸ ಆದಂತೆ. ಹಳೆ ಮನೆ ಕೆಡಹುವ ಸುದ್ದಿ ಸಿಕ್ಕಿದರೆ ಮನೆಯವರನ್ನು ಕೇಳಿ ಒಂದೊಂದು ಹಂಚು ಎತ್ತಿಡಿ, ಗುಜರಿಯವರು ಬರುವ ಮೊದಲು.

ಚಿಲ್ಲರೆ ನಾಣ್ಯ: ಚೌಕಳಿ ತುಂಬುವ ಆಟ

ನಾಣ್ಯ ಎಂದರೆ ಬಾರಕೂರಿನ ಗದ್ಯಾಣ ಎಂಬ ಚಿನ್ನದ ನಾಣ್ಯ, ಕರಾವಳಿ ಆಳಿದ ಆಳುಪ ಅರಸರ ಮೀನಿನ ಗುರುತು ಎಂದು ದೊಡ್ಡವರ ಮನಸ್ಸು ಓಡುತ್ತದೆ. ಅದನ್ನು ನೋಡಲು ಉಡುಪಿಯ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟುಹಾಕಿದವರು ಅವರು. ಮಂಗಳೂರಿನವರಿಗೆ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯವೂ ಇದೆ. ಮಗುವಿನ ಮೊದಲ ಸಂಗ್ರಹ ಮಾತ್ರ ಅಂಗಡಿಯ ಗಲ್ಲಾದಿಂದಲೇ ಬರಲಿ.

ಭಾರತದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ನಾಲ್ಕು. ಇಸವಿಯ ಕೆಳಗೆ ಸಣ್ಣ ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಉರುಟು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ. ಒಂದು ಹಾಳೆಯಲ್ಲಿ ಚೌಕಳಿ ಹಾಕಿ. ಎಡಕ್ಕೆ 2011ರಿಂದ 2018ರವರೆಗೆ ಇಸವಿ, ಮೇಲೆ ನಾಲ್ಕು ಊರು. ಒಂದು ರೂಪಾಯಿ ನಾಣ್ಯ ಮಾತ್ರ. 2011ರಿಂದ ಏಕೆಂದರೆ ರೂಪಾಯಿಯ ಹೊಸ ಚಿಹ್ನೆ ನಾಣ್ಯಕ್ಕೆ ಬಂದದ್ದು ಆ ವರ್ಷ, ಹೊರಗಿನಿಂದಲೇ ಗುರುತು ಸಿಗುತ್ತದೆ. ಒಟ್ಟು 32 ಮನೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಸವೆದ ನಾಣ್ಯದಲ್ಲಿ ವಜ್ರವೂ ಚುಕ್ಕೆಯೂ ಒಂದೇ ಥರ ಕಾಣುತ್ತವೆ. ದೀಪವನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಮೂಲೆಗಳು ಎದ್ದು ಕಾಣುತ್ತವೆ. ಜಿನಸಿನಂಗಡಿಯವರಿಗೆ ನೂರರ ನೋಟು ಕೊಟ್ಟು ನೂರು ಒಂದು ರೂಪಾಯಿ ಪಡೆಯಿರಿ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಮರಳಿಸಿ. ಚಿಲ್ಲರೆ ಇಲ್ಲದೆ ಪರದಾಡುವ ಬಸ್ಸಿನ ಕಂಡಕ್ಟರಿಗೂ ಇದರಿಂದ ಉಪಕಾರವೇ. ಎಲ್ಲ ಟಂಕಸಾಲೆಯೂ ಎಲ್ಲ ವರ್ಷ ಎಲ್ಲ ಮೌಲ್ಯದ ನಾಣ್ಯ ಅಚ್ಚು ಹಾಕಿರುವುದಿಲ್ಲ, ಹಾಗಾಗಿ ಕೆಲವು ಮನೆ ಖಾಲಿಯೇ ಉಳಿದಾವು. ಇದನ್ನು ಮೊದಲೇ ಹೇಳಿಡದಿದ್ದರೆ ಮಗು ಸಪ್ಪೆಯಾಗುತ್ತದೆ.

ಎರಡನೇ ಹಂತಕ್ಕೆ ಅಜ್ಜಿಯ ಡಬ್ಬಿ. ಚೌಕದ ಐದು ಪೈಸೆ, ಅಂಚು ಹೂವಿನಂತಿರುವ ಹತ್ತು ಪೈಸೆ, ಆರು ಮೂಲೆಯ ಮೂರು ಪೈಸೆ ಮತ್ತು ಇಪ್ಪತ್ತು ಪೈಸೆ. ‘ನಯಾ ಪೈಸೆ’ ಎಂದು ಬರೆದಿದ್ದರೆ ಅದು 1957ರಿಂದ 1964ರ ನಡುವಿನದು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಆಕಾರದಿಂದಲೇ ಗುಂಪು ಮಾಡುವ ಈ ಕೆಲಸ ಆರು ವರ್ಷದ ತಂಗಿಗೂ ಬರುತ್ತದೆ.

ಇನ್ನು ತೊಳೆಯುವ ವಿಷಯ. ಕರಾವಳಿಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ದೇವರ ದೀಪ ತಿಕ್ಕುವುದನ್ನು ನೋಡಿಯೇ ಬೆಳೆದದ್ದು: ಹುಣಸೆಹುಳಿ, ಬೂದಿ, ಪೀತಾಂಬರಿ ಪುಡಿ. ತಾಮ್ರದ ಹಳೆ ಕಾಲಾಣೆಗೆ ಹುಣಸೆ ಹಚ್ಚಿದರೆ ಎರಡು ನಿಮಿಷಕ್ಕೆ ಫಳಫಳ ಹೊಳೆಯುತ್ತದೆ, ಕಂದು ಪದರ ಹೋಗಿ ಹಸಿ ಗುಲಾಬಿ ಬಣ್ಣ ಬರುತ್ತದೆ. ಆ ಕಂದು ಪದರವೇ ಲೋಹಕ್ಕೆ ಹೊದಿಕೆಯಾಗಿತ್ತು. ಉಪ್ಪುಗಾಳಿಗೆ ಬೆತ್ತಲೆಯಾದ ತಾಮ್ರ ಮಳೆಗಾಲ ಮುಗಿಯುವ ಮೊದಲೇ ಹಸಿರು ಚುಕ್ಕೆ ಕಟ್ಟುತ್ತದೆ. ಬೂದಿ, ಪುಡಿ ತಿಕ್ಕಿದರೆ ಕೂದಲೆಳೆಯ ಗೀರುಗಳು ಬೀಳುತ್ತವೆ, ಸಂಗ್ರಾಹಕರ ಲೆಕ್ಕದಲ್ಲಿ ಅಂಥ ನಾಣ್ಯದ ಬೆಲೆ ಅಲ್ಲಿಗೆ ಬಿತ್ತು. ಕೊಳೆ ವಿಪರೀತ ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹತ್ತಿಬಟ್ಟೆಯಲ್ಲಿ ತಿಕ್ಕದೆ ಒತ್ತಿ ಒಣಗಿಸಿ. ಅಷ್ಟೇ.

ಇಡುವುದಕ್ಕೆ ಎರಡು ಇಂಚಿನ ರಟ್ಟಿನ ಚೌಕ, ನಡುವೆ ಪಾರದರ್ಶಕ ಹಾಳೆ ಇರುವುದು, ಅಗ್ಗದಲ್ಲಿ ಸಿಗುತ್ತದೆ. ಸ್ಟೇಪ್ಲರ್ ಪಿನ್ನಿನ ಹಿಂಬದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ. ಮೆತ್ತನೆಯ, ಹೊಸತರಲ್ಲಿ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಆಲ್ಬಮ್ ಪಿವಿಸಿಯದ್ದು. ಸೆಕೆಗೆ ಅದು ಬೆವರಿ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ.

ಮಗು ನಾಣ್ಯ ಕೂಡಿಸುತ್ತಿದೆ ಎಂದು ಗೊತ್ತಾದ ಕೂಡಲೇ ಯಾರಾದರೂ ಒಂದು ವೀಡಿಯೊ ಕಳಿಸಿಯೇ ಕಳಿಸುತ್ತಾರೆ: ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ, ಟ್ರ್ಯಾಕ್ಟರ್ ಚಿತ್ರದ ಐದರ ನೋಟಿಗೆ ಲಕ್ಷ. ಮಾರಲು ಹೋದರೆ ಮೊದಲು ‘ನೋಂದಣಿ ಶುಲ್ಕ’ ಕೇಳುತ್ತಾರೆ, ಮೋಸ ಇರುವುದು ಅಲ್ಲೇ. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ತೋಟ ಅಗೆಯುವಾಗ ಹಳೆ ನಾಣ್ಯ ಸಿಕ್ಕಿದರೆ ಅದು ನಿಧಿ ಕಾನೂನಿಗೆ ಬರುತ್ತದೆ, ತಾಲೂಕು ಕಚೇರಿಗೆ ತಿಳಿಸಬೇಕು, ಡಬ್ಬಿಗೆ ಹಾಕಿಕೊಳ್ಳುವುದಲ್ಲ.

ಅಂಚೆಚೀಟಿ

ಈಗ ಮನೆಗೆ ಬರುವ ಟಪಾಲಿನಲ್ಲಿ ಚೀಟಿಯೇ ಇರುವುದಿಲ್ಲ, ಬಾರ್‌ಕೋಡಿನ ಅಂಟುಪಟ್ಟಿ. ಹಾಗಾಗಿ ಮೂಲ ಹುಡುಕಬೇಕು. ಅಟ್ಟದ ಮೇಲಿನ ಬೊಂಬಾಯಿ ಕಾಗದ, ಗಲ್ಫ್ ಕಾಗದದ ಕಟ್ಟು. ಮಠ, ದೇವಸ್ಥಾನ, ಇಗರ್ಜಿಯ ಕಚೇರಿಗೆ ಬರುವ ಲಕೋಟೆ. ಊರಿನಿಂದ ಹೊರಗಿರುವ ಚಿಕ್ಕಪ್ಪ, ಅತ್ತೆಯಂದಿರಿಗೆ ‘ವರ್ಷಕ್ಕೆ ಎರಡು ಕಾಗದ, ಸ್ಟ್ಯಾಂಪ್ ಅಂಟಿಸಿ’ ಎಂದು ಮಗುವೇ ಫೋನಿನಲ್ಲಿ ಹೇಳಲಿ.

ಹೊಸ ಚೀಟಿಗೆ ಅಂಚೆ ಇಲಾಖೆಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹದ) ಠೇವಣಿ ಖಾತೆ ಇದೆ. 200 ರೂಪಾಯಿ ಕಟ್ಟಿ ತೆರೆದರೆ, ಬೇಕೆಂದು ಬರೆದುಕೊಟ್ಟ ಚೀಟಿಗಳು ಬಿಡುಗಡೆಯಾದಂತೆಲ್ಲ ಟಪಾಲಿನಲ್ಲಿ ಬರುತ್ತವೆ, ಹಣ ಖಾತೆಯಿಂದ ಕಳೆಯುತ್ತದೆ. ಮಂಗಳೂರಿನ ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯನ್ನು ಮಗುವಿನ ಹೆಸರಿನಲ್ಲೇ ಮಾಡಿ. ತನ್ನ ಹೆಸರಿಗೆ ಟಪಾಲು ಬರುವುದು ಮಗುವಿಗೆ ಸಣ್ಣ ಸಂಗತಿಯಲ್ಲ.

ಬಳಸಿದ ಚೀಟಿ ಬಿಡಿಸುವ ಕ್ರಮ:

1. ಮೊದಲು ಲಕೋಟೆಯನ್ನೇ ನೋಡಿ. ಅಂಚೆ ಮುದ್ರೆಯಲ್ಲಿ ಊರು, ತಾರೀಕು ಸ್ಪಷ್ಟ ಓದಲು ಬಂದರೆ ಕತ್ತರಿಸಬೇಡಿ, ಇಡೀ ಲಕೋಟೆ ಇಡಿ.
2. ಉಳಿದವನ್ನು ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಅಂಚಿನ ಹಲ್ಲು ಒಂದು ಹೋದರೂ ಚೀಟಿ ಕೆಟ್ಟಂತೆ.
3. ಬಣ್ಣದ ಲಕೋಟೆಯ ತುಂಡು, ನೇರಳೆ ಶಾಯಿ ತಗಲಿದ್ದನ್ನು ಬೇರೆ ಮಾಡಿ. ಜತೆಗೆ ಹಾಕಿದರೆ ಎಲ್ಲ ಚೀಟಿಗೂ ಬಣ್ಣ ಹತ್ತುತ್ತದೆ.
4. ಉಗುರುಬೆಚ್ಚಗಿನ ನೀರು, ಅಗಲ ಪಾತ್ರೆ, ಒಮ್ಮೆಗೆ ಹದಿನೈದು ಚೀಟಿ, ಮುಖ ಮೇಲಕ್ಕೆ. ಕಾಲು ಗಂಟೆಯಲ್ಲಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನೂ ಹತ್ತು ನಿಮಿಷ. ಉಗುರು ಹಾಕಿ ಎಬ್ಬಿಸಿದರೆ ಹಿಂಬದಿ ತೆಳುವಾಗಿ ಸುಲಿಯುತ್ತದೆ. ವಿದೇಶದ ಸ್ಟಿಕ್ಕರ್ ಥರದ ಹೊಸ ಚೀಟಿಗಳು ನೀರಿಗೆ ಬಿಡುವುದಿಲ್ಲ, ಅವನ್ನು ಕಾಗದದೊಂದಿಗೇ ಇಡಿ.
5. ಬೇರೆ ನೀರಿನಲ್ಲಿ ಮತ್ತೊಮ್ಮೆ ಅದ್ದಿ ಹಿಂಬದಿಯ ಗೋಂದಿನ ಜಿಗುಟು ತೆಗೆಯಿರಿ. ಇದನ್ನು ಬಿಟ್ಟರೆ ಒಣಗುವಾಗ ಕಾಗದಕ್ಕೆ ಅಂಟುತ್ತದೆ, ಮಳೆಗಾಲದಲ್ಲಿ ಜಿರಳೆಗೆ ಊಟವಾಗುತ್ತದೆ.
6. ಒತ್ತುಕಾಗದದ (ಬ್ಲಾಟಿಂಗ್ ಪೇಪರಿನ) ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ. ದಿನಪತ್ರಿಕೆ ಬೇಡ, ಅಕ್ಷರ ಹತ್ತುತ್ತದೆ. ಮುಕ್ಕಾಲು ಒಣಗಿದಾಗ ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ.

ಈ ಕೆಲಸವನ್ನು ನವೆಂಬರಿನಿಂದ ಮಾರ್ಚ್ ಒಳಗೆ ಮಾಡಿ. ಜುಲೈಯಲ್ಲಿ ಮಾಡಿದರೆ ಎರಡು ದಿನವಾದರೂ ಒಣಗದೆ ಕಂದು ಚುಕ್ಕೆ ಬೀಳುತ್ತದೆ. ಎತ್ತಲು ತುದಿ ಚಪ್ಪಟೆ ಇರುವ ಚಿಮಟ ಬೇಕು, ಹುಬ್ಬು ಕೀಳುವುದು ಬೇಡ.

ವಿಷಯ ಹಿಡಿದು ಕೂಡಿಸುವುದಾದರೆ ಹತ್ತಿರದ್ದೇ ಇದೆ. ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳ ಮೇಲೆ 2001ರಲ್ಲಿ ಅಂಚೆಚೀಟಿ ಬಂದಿದೆ. ಆಂಟೋನಿಯೊ ಮೊಸ್ಕೇನಿ ಬರೆದ ಆ ಚಿತ್ರಗಳನ್ನು ಚೀಟಿ ಕೈಯಲ್ಲಿ ಹಿಡಿದೇ ಹೋಗಿ ನೋಡಬಹುದು. ಡಾ. ಟಿ.ಎಂ.ಎ. ಪೈ ಅವರ ಚೀಟಿ 1999ರದ್ದು, ಉಳ್ಳಾಲದ ಅಬ್ಬಕ್ಕ ರಾಣಿಯದ್ದು 2023ರದ್ದು. ಚೀಟಿ ಸಿಗದ ಮಗುವಿಗೆ ಪಿನ್‌ಕೋಡ್ ಆಟ ಸಾಕು: ಮದುವೆ, ಜಾತ್ರೆಗೆ ಹೋದ ಊರಿನಿಂದೆಲ್ಲ ತನಗೇ ಒಂದು ಪೋಸ್ಟ್‌ಕಾರ್ಡ್. ಕಾರ್ಕಳ 574104, ಪುತ್ತೂರು 574201, ಕುಂದಾಪುರ 576201, ಬ್ರಹ್ಮಾವರ 576213. ಕೌಂಟರಿನಲ್ಲಿ ‘ಮುದ್ರೆ ಸ್ವಲ್ಪ ಸ್ಪಷ್ಟ ಹಾಕಿ’ ಎಂದು ಮಗುವೇ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಆಟಿಗೆ ಮೊದಲು

ಕಾಗದದ ಸುತ್ತಲ ಗಾಳಿಯ ತೇವಾಂಶ ಶೇ 65 ದಾಟಿ ನಿಂತರೆ ಬೂಸಲು ಬರುತ್ತದೆ. ನಮ್ಮಲ್ಲಿ ಜುಲೈಯ ಗಾಳಿ ಎಷ್ಟೋ ದಿನ ಶೇ 90ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಮೇ ಕೊನೆಯ ವಾರ, ಮೊದಲ ಮಳೆಗೂ ಮೊದಲು, ಒಂದು ಬಿಸಿಲ ಮಧ್ಯಾಹ್ನ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸಬೇಕು. ಮಳೆ ಹಿಡಿದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ.

ರಬ್ಬರ್ ಅಂಚಿನ, ಗಾಳಿಯಾಡದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಒಳಗೆ 100 ಗ್ರಾಂ ಸಿಲಿಕಾ ಜೆಲ್, ಬಟ್ಟೆಚೀಲದಲ್ಲಿ ಕಟ್ಟಿ. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ತೇವ ತುಂಬಿದಾಗ ಹಸಿರಾಗುತ್ತದೆ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಕೈಗೆ ಬೇಡ. ಹಸಿರಾದ ಹರಳನ್ನು ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಅರ್ಧ ಗಂಟೆ ಕೈಯಾಡಿಸಿದರೆ ಮತ್ತೆ ಕಿತ್ತಳೆ. ಉರಿ ಜೋರಾದರೆ ಹರಳು ಸಿಡಿದು ಪುಡಿಯಾಗುತ್ತದೆ. ಇದು ದೊಡ್ಡವರ ಕೆಲಸ. ಜುಲೈ, ಆಗಸ್ಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಬಣ್ಣ ನೋಡುವುದು ಮಗುವಿನ ಕೆಲಸ.

ಹಿಂದೆ ಗೋಂದು ಇರುವ ಹೊಸ ಚೀಟಿಗಳ ನಡುವೆ ಬಟರ್ ಪೇಪರ್ ಇಡಿ, ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿ. ಭಾರಕ್ಕೇ ಅವು ಅಂಟುವುದು. ನುಸಿಗುಳಿಗೆ (ನ್ಯಾಫ್ತಲೀನ್ ಗುಳಿಗೆ) ಹಾಕಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗಾಗಿಸುತ್ತದೆ. ಮುರಕಲ್ಲಿನ ಗೋಡೆಗೆ ಒತ್ತಿ ಡಬ್ಬಿ ಇಡಬಾರದು. ಒಂದು ಗೇಣು ಅಂತರ ಬಿಡಿ, ಗೆದ್ದಲು ಬಂದರೆ ಕಣ್ಣಿಗೆ ಬೀಳುತ್ತದೆ.

ದೊಡ್ಡವರ ಕೈ

ಮಗು ಹತ್ತು ಚೀಟಿ ಕೂಡಿಸಿದ್ದನ್ನು ಕಂಡ ಅಪ್ಪ ಖುಷಿಯಿಂದ ಸಾವಿರ ಚೀಟಿಯ ಪೊಟ್ಟಣ ತರಿಸುತ್ತಾರೆ. ಹವ್ಯಾಸ ಅಲ್ಲಿಗೆ ಮುಗಿಯುತ್ತದೆ. ಹುಡುಕುವುದೇ ಆಟವಾಗಿತ್ತು, ಈಗ ಹುಡುಕುವುದಕ್ಕೆ ಏನೂ ಉಳಿದಿಲ್ಲ. ಹುಟ್ಟುಹಬ್ಬಕ್ಕೆ ಕೊಡಲೇಬೇಕೆಂದಿದ್ದರೆ ಭೂತಗನ್ನಡಿ, ಚಿಮಟ, ಡಬ್ಬಿ ಕೊಡಿ.

ಆಲ್ಬಮ್ಮಿನ ಕ್ರಮ ತಪ್ಪಾಗಿ ಕಂಡರೂ ಕೈ ಹಾಕಬೇಡಿ. ಬಣ್ಣದ ಪ್ರಕಾರ ಜೋಡಿಸಿದ ಮಗು ಆರು ತಿಂಗಳ ಮೇಲೆ ತಾನೇ ಬಿಚ್ಚಿ ದೇಶದ ಪ್ರಕಾರ ಜೋಡಿಸುತ್ತದೆ. ನೆಂಟರು ಬಂದಾಗ ‘ತೋರಿಸು ಪುಟ್ಟಾ’ ಎಂದು ಒತ್ತಾಯವೂ ಬೇಡ. ಒಂದು ಕೇಳಬಹುದು: ‘ಇದು ಎಲ್ಲಿ ಸಿಕ್ಕಿತು?’ ಕೇಳಿದ ಮೇಲೆ ಪೂರ್ತಿ ಕೇಳಿಸಿಕೊಳ್ಳಬೇಕು, ಫೋನ್ ಕೆಳಗಿಟ್ಟು.

ಗೆಳೆಯರೊಂದಿಗೆ ಬದಲಾವಣೆಯಲ್ಲಿ ಮಗು ಮೋಸಹೋಗುತ್ತದೆ. ಹೋಗಲಿ. ಅಜ್ಜಿಯ ಡಬ್ಬಿಯಿಂದ ಬಂದವನ್ನು ಮಾತ್ರ ‘ಬದಲಿಗಿಲ್ಲ’ ಎಂದು ಬೇರೆ ಪುಟದಲ್ಲಿಡಿಸಿ.

ಶಾಲೆಯಲ್ಲಿ

ಟೀಚರುಗಳಿಗೆ ಒಂದು ಉಪಯೋಗದ ಮಾಹಿತಿ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ 2017ರಿಂದ ಇದೆ. 6ರಿಂದ 9ನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ, ಲಿಖಿತ ರಸಪ್ರಶ್ನೆ ಮತ್ತು ಅಂಚೆಚೀಟಿಯ ಪ್ರಾಜೆಕ್ಟಿನ ಮೇಲೆ ಆಯ್ಕೆ. ಹಿಂದಿನ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು, ಪರಿಶಿಷ್ಟರಿಗೆ ಶೇ 5 ರಿಯಾಯಿತಿ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇದ್ದು ಮಗು ಅದರ ಸದಸ್ಯನಾಗಿರಬೇಕು. ಕ್ಲಬ್ ಇಲ್ಲದ ಶಾಲೆಯಾದರೆ ಮಗುವಿನ ಹೆಸರಿನ ಠೇವಣಿ ಖಾತೆ ಸಾಕಾಗುತ್ತದೆ. ಹಾಗಾಗಿ ಖಾತೆಯನ್ನು ಐದನೇ ತರಗತಿಯಲ್ಲೇ ತೆರೆದಿಡುವುದು ಜಾಣತನ.

ಪ್ರದರ್ಶನ ಮಾಡುವುದಾದರೆ ಒಂದು ಮಗುವಿಗೆ 16 ಹಾಳೆ ಎಂದು ಮಿತಿ ಹಾಕಿ, ಅಂಚೆಚೀಟಿ ಪ್ರದರ್ಶನಗಳ ಒಂದು ಫ್ರೇಮಿನ ಅಳತೆಯೂ ಅದೇ. ಬಹುಮಾನ ಕೊಡುವುದಿದ್ದರೆ ಸಂಖ್ಯೆಗೆ ಕೊಡಬೇಡಿ. ಹಾಳೆಯ ಕೆಳಗಿನ ಮಾಹಿತಿ ಓದಿ ಕೊಡಿ. ಸಂಖ್ಯೆಗೆ ಕೊಟ್ಟರೆ ಗೆಲ್ಲುವುದು ಅಪ್ಪನ ಪರ್ಸು.

ಎಸ್ಸೆಸ್ಸೆಲ್ಸಿ ಬಂದಾಗ

ಹತ್ತನೇ ತರಗತಿಗೆ ಎಲ್ಲ ನಿಲ್ಲುತ್ತದೆ, ಪಿಯುಸಿ ಮುಗಿಯುವವರೆಗೆ ಮೂರು ವರ್ಷ ಡಬ್ಬಿ ಅಟ್ಟಕ್ಕೆ ಹೋಗುತ್ತದೆ. ಅಟ್ಟಕ್ಕೆ ಕಳಿಸಬೇಡಿ, ಹಂಚಿನಡಿಯ ಸೆಕೆ ಮತ್ತು ಮಳೆಯ ಸೋರು ಎರಡೂ ಅಲ್ಲಿಯೇ. ಮಲಗುವ ಕೋಣೆಯ ಕಪಾಟಿನ ನಡುವಿನ ಅರೆ ಒಳ್ಳೆಯದು. ಮುಚ್ಚುವ ಮೊದಲು ಮಗುವಿನಿಂದಲೇ ಒಂದು ಪಟ್ಟಿ ಬರೆಸಿ: ಏನೇನಿದೆ, ಚೌಕಳಿಯಲ್ಲಿ ಯಾವ ಮನೆ ಖಾಲಿ, ಯಾರಿಗೆ ಏನು ಕೊಡಲು ಬಾಕಿ. ಪಟ್ಟಿಯ ಒಂದು ಪ್ರತಿ ಒಳಗೆ, ಒಂದು ಮುಚ್ಚಳದ ಮೇಲೆ, ಹೆಸರು ಮತ್ತು ತಾರೀಕಿನೊಂದಿಗೆ. ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ದೀಪಾವಳಿಯ ಹೊತ್ತಿಗೆ, ಸಿಲಿಕಾ ಜೆಲ್ ಹುರಿದು ಮರಳಿ ಇಡುವುದು ಈ ಮೂರು ವರ್ಷ ನಿಮ್ಮ ಪಾಲಿಗೆ.